ಬಸ್ ಹತ್ತಿ ನೋಡಿಬಂದ ಕಂಪನಿ

"ಶೇರಿನ ವಿಷಯ ಬೊಂಬಾಯಿ ಪೇಪರಿನ್ಯಾಗ ಓದಬೇಕು ಬೇ, ಬಸ್ ಹತ್ತಿ ನೋಡಾಕ ಹೋಗೋದಲ್ಲ!" ಎಂದು ರಾಯಚೂರಿನ ಶೇರು ಏಜೆಂಟ್ ವಿರೂಪಣ್ಣ ನಕ್ಕ. ಅವನ ಕಚೇರಿಯಲ್ಲಿ ಶೇರಿನ ಅರ್ಜಿ ತುಂಬುತ್ತಿದ್ದವರೂ ನಕ್ಕರು.

ಬಳೆ ವ್ಯಾಪಾರಿ ಸುಗ್ರಾ ಬೇಗಂ ದೇವದುರ್ಗದಲ್ಲಿ ಕಂಪನಿಯ ಜಾಗ ನೋಡಿಕೊಂಡು ಆಗಷ್ಟೇ ಬಂದಿದ್ದಳು. "ಪೇಪರಿನ್ಯಾಗ ನಿಮ್ಮ ಎಣ್ಣಿ ಮಿಲ್ ಓಡಾಕತ್ತದ. ಅಲ್ಲಿ ನೋಡಿದ್ರ ಬರೇ ಜಾಲಿಗಿಡ. ಒಂದು ಇಟ್ಟಂಗಿನೂ ಇಲ್ಲ."

"ಬಳಿ ಮಾರೋರಿಗೆ ಕಂಪನಿ ಏನ್ ತಿಳೀತದ?" ಅವನು ಕಂಪನಿಯ ಬಣ್ಣದ ಪುಸ್ತಕವನ್ನು ಅವಳ ಮುಖದೆದುರು ಬೀಸಿದ. ಮುಖಪುಟದಲ್ಲಿ ಮಿಲ್ಲಿನ ಚೆಂದದ ಚಿತ್ರವಿತ್ತು. ಸುಗ್ರಾ ಬೇಗಂ ತನ್ನ ಖಾಲಿ ಅರ್ಜಿಯನ್ನು ಮೇಜಿನ ಮೇಲೆಸೆದು ಹೊರನಡೆದಳು.

ವಿರೂಪಣ್ಣ ಮೆಟ್ಟಿಲವರೆಗೆ ಬೆನ್ನುಹತ್ತಿ ಬಂದ. ಒಳಗಿದ್ದವರಿಗೆ ಕೇಳಿಸದಂತೆ ದನಿ ತಗ್ಗಿಸಿ, "ಅಕ್ಕಾರ, ನಂದೂ ರೊಕ್ಕ ಆ ಮಿಲ್ಲಿನ್ಯಾಗ ಅದ ರೀ. ಅಲ್ಲಿ ಒಂದು ಗೇಟಾದ್ರೂ ಹಾಕ್ಯಾರೇನ್ರೀ?" ಎಂದ.