ಮುನ್ನೂರು ಪುಟದ ಅಜ್ಜ

ಗಡಿಯಾರ ರಿಪೇರಿ ಮಾಡುತ್ತಲೇ ಅದ್ವೈತ ಹೇಳುತ್ತಿದ್ದ ಅಜ್ಜನ ಅಂಗಡಿಯಲ್ಲಿ ನೀಲಕಂಠಯ್ಯ ಮಾಸ್ತರರು ಆರು ವರ್ಷ ಕೂತಿದ್ದರು. "ನೀ ದೇಹ ಅಲ್ಲ, ಹೆಸರೂ ಅಲ್ಲ. ಇರೂದು ಒಂದ, ಎರಡಿಲ್ಲ" ಎಂಬುದಷ್ಟೇ ಅಜ್ಜನ ಬೋಧೆ. ಅಷ್ಟರಿಂದ ಪುಸ್ತಕ ತುಂಬುವುದಿಲ್ಲವೆಂದು ಮಾಸ್ತರರು ಅಜ್ಜನ ಜೀವನಚರಿತ್ರೆಗೆ ತಮ್ಮ ಕಡೆಯಿಂದಲೂ ಒಂದಿಷ್ಟು ಸೇರಿಸಿ ಮುನ್ನೂರು ಪುಟ ಬರೆದರು.

ಅಚ್ಚಿಗೆ ಕೊಡುವ ಮುನ್ನ ಹಸ್ತಪ್ರತಿಯನ್ನು ಅಜ್ಜನ ಮುಂದಿಟ್ಟರು. ಅಜ್ಜ ಬೇಡವೆಂದರೆ ಆರು ವರ್ಷದ ಕೆಲಸ ನೀರುಪಾಲು.

ಅಜ್ಜ ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಓದತೊಡಗಿದ.

"ತೊಟ್ಟಿಲಕ್ಕ ನಾಗರಹಾವು ಹೆಡಿ ಬಿಚ್ಚಿ ನೆರಳು ಹಿಡದಿತ್ತಾ?"

"ಹೂಂ... ಹಂಗಂತಾರ್ರಿ" ಎಂದು ಮಾಸ್ತರರು ಬೆವರೊರೆಸಿಕೊಂಡರು.

"ಬತ್ತಿದ ಬಾವಿ ಬರೇ ನೋಡಿ ತುಂಬಿಸಿದನಾ?"

"ಭಕ್ತರು ಹೇಳ್ಯಾರ್ರಿ."

"ಹುಲಿ ಬಂದು ಪಾದ ನೆಕ್ಕಿತ್ತಾ?"

"ಸಣ್ಣ ಹುಲಿರಿ, ಅಜ್ಜಾರ."

ಅಜ್ಜ ಗಿರಾಕಿಗಳನ್ನೆಲ್ಲ ಹಿಂದಕ್ಕೆ ಕಳಿಸಿ ಎರಡು ದಿನ ಓದಿದ. ಮಾಸ್ತರರಿಗೆ ಊಟ ಸೇರಲಿಲ್ಲ. ಕೊನೆಯ ಪುಟ ಮುಗಿಸಿ ತಲೆಯೆತ್ತಿದಾಗ ಅಜ್ಜನ ಕಣ್ಣು ತುಂಬಿ ಬಂದಿದ್ದವು.

ಮಾಸ್ತರರಿಗೆ ಹೋದ ಜೀವ ಬಂದಂತಾಯಿತು. "ಹೆಂಗ ಬಂದೈತ್ರಿ, ಅಜ್ಜಾರ?"

ಅಜ್ಜ ಎದ್ದು ಚಪ್ಪಲಿ ಮೆಟ್ಟಿಕೊಂಡು ಅಂಗಡಿಯ ಬೀಗ ಕೈಗೆತ್ತಿಕೊಂಡ.

"ಎಂಥಾ ದೊಡ್ಡ ಮನಷ್ಯಾನೋ ಇಂವ! ಯಾವೂರಾಗ ಇರ್ತಾನ ಹೇಳು ಮಾಸ್ತರ, ಈಗಿಂದೀಗ ಹೋಗಿ ಕಾಲಿಗೆ ಬಿದ್ದು ಬರೂಣು."