ಅಪ್ಪನಿಗಷ್ಟೇ ಕಂಡ ದೀಪ

"ಎಲ್ಲಿ ಅಡಗಿ ಕೂತಿದ್ದೀಯಪ್ಪಾ?" ಎಂದು ಮೆಕ್ಯಾನಿಕ್ ಯಾರನ್ನೂ ನೋಡದೆ ಕಾರಿನ ದೋಷವನ್ನೇ ಕೇಳಿದ. ಬ್ರೇಕಿನ ಎಚ್ಚರಿಕೆಯ ಹಳದಿ ದೀಪ ಇವತ್ತೂ ಹತ್ತಿರಲಿಲ್ಲ. ಅದನ್ನು ಈವರೆಗೆ ಕಂಡವರು ಅಪ್ಪ ಒಬ್ಬರೇ. ಇಲ್ಲದ್ದೆಲ್ಲ ಕಾಣುವವರ ಕೈಗೆ ಇನ್ನು ಕಾರು ಬೇಡವೆಂದು ಮಗಳು ನಿಶ್ಚಯಿಸಿಯೇ ಬಂದಿದ್ದಳು.

"ಯಜಮಾನ್ರೇ, ಹತ್ತೋದು ಯಾವಾಗ?"

"ನಮ್ಮ ಗಲ್ಲಿಗೆ ತಿರುಗುವಾಗ. ಸ್ಟೇರಿಂಗ್ ಪೂರ್ತಿ ಎಡಕ್ಕೆ ಎಳೀಬೇಕು."

ಮೆಕ್ಯಾನಿಕ್ ಹಾಗೆಯೇ ತಿರುಗಿಸಿಟ್ಟು, ಮುಂದಿನ ಚಕ್ರದ ವೇಗವನ್ನು ಬ್ರೇಕಿಗೆ ತಿಳಿಸುವ ಸೆನ್ಸರ್ ವೈರನ್ನು ನಾಡಿ ನೋಡುವವನಂತೆ ಎರಡೇ ಬೆರಳಲ್ಲಿ ಬಗ್ಗಿಸುತ್ತ ಹೋದ. ಒಂದು ಕಡೆ ಬೆರಳು ನಿಂತಿತು. ಮಗಳ ಕಣ್ಣೆದುರೇ ದೀಪ ಹತ್ತಿತು.

"ಮೇಲೆ ನೆಟ್ಟಗಿದೆ, ಒಳಗೆ ತಂತಿ ತುಂಡಾಗಿದೆ. ಅಪ್ಪನ ಕಣ್ಣು ಸರಿಯಾಗಿದೆಯಮ್ಮ."

ಹೊಸ ವೈರು ಕೂತ ಮೇಲೆ ಮಗಳು ಮೂಗೊರೆಸಿಕೊಂಡು ಕೈ ಚಾಚಿದಳು. "ಇವತ್ತೊಂದಿನ ನಾನು ಓಡಿಸ್ತೀನಪ್ಪ, ಕೀ ಕೊಡಿ."

"ಕೊಡಲ್ಲ," ಎಂದರು ಅಪ್ಪ.