ಅಜ್ಜಿಯ ಇಂಗ್ಲಿಷು

"ದಿಸ್ಸು ಈಸು ಯಾಪಲ್ಲು, ಮಿಸ್ಸು!"

ಎಲ್‌ಕೆಜಿ ಸಂದರ್ಶನಕ್ಕೆ ಬಂದಿದ್ದ ಲಿಖಿತಾ ಚಿತ್ರದ ಮೇಲೆ ಬೆರಳಿಟ್ಟು ಗಟ್ಟಿಯಾಗಿ ಹೇಳಿದಳು. ತಾಯಿ ಶ್ರೀದೇವಿಯ ಮುಖ ಕೆಂಪಾಯಿತು. ಹಿಂದಿನ ಕುರ್ಚಿಯಲ್ಲಿದ್ದ ಅಜ್ಜಿ ಕಮಲಾದೇವಿಯ ಮುಖ ಮಾತ್ರ ಹೆಮ್ಮೆಯಿಂದ ಅರಳಿತು.

ಟೀಚರ್ ಶಾಂತಲಾ ನಗು ತಡೆದುಕೊಂಡು, "ವೆರಿ ಗುಡ್! ಹೂ ಟಾಟ್ ಯೂ ಇಂಗ್ಲಿಷ್?" ಎಂದರು.

"ಅಜ್ಜಿ!"

ಶ್ರೀದೇವಿ ಮಾಡಿದ್ದ ಲೆಕ್ಕಾಚಾರವೇ ಬೇರೆ. ಸ್ಪ್ಯಾನಿಷ್ ಮನೆಮಾತಿನವರ ಬಗ್ಗೆ ನಡೆದ ಅಧ್ಯಯನವೊಂದನ್ನು ಅವಳು ಮೊಬೈಲಿನಲ್ಲಿ ಓದಿದ್ದಳು: ಎಳವೆಯಲ್ಲೇ ಇಂಗ್ಲಿಷ್ ಕಲಿತವರ ಉಚ್ಚಾರಣೆ ಸೊಗಸು, ದೊಡ್ಡವರಾಗಿ ಕಲಿತವರ ನಾಲಿಗೆಯಿಂದ ಮನೆಮಾತಿನ ವಾಸನೆ ಹೋಗುವುದು ಕಷ್ಟ. ಮಗು ತೊದಲಲು ಶುರುಮಾಡಿದ ದಿನವೇ ಗಿರಿನಗರದ ಆ ಮನೆಯಲ್ಲಿ ಕಾನೂನು ಜಾರಿಯಾಯಿತು.

"ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗುತ್ತಾ ಅತ್ತೆ? ಇನ್ಮೇಲೆ ಮಗು ಹತ್ರ ಕನ್ನಡ ಬೇಡ, ಬರೀ ಇಂಗ್ಲಿಷ್."

"ನಂಗೆಲ್ಲಿ ಇಂಗ್ಲಿಷ್ ಬರುತ್ತಮ್ಮಾ?"

"ಹಾಗಾದ್ರೆ ಸುಮ್ನಿದ್ದುಬಿಡಿ."

ಯಾರಾದರೂ ಕನ್ನಡ ಮಾತಾಡಿದರೆ ಅವರ ಬಾಯಿಗೆ ಕೈ ಅಡ್ಡ ಇಡಬೇಕೆಂದು ಮಗುವಿಗೂ ಆಟವಾಗಿ ಕಲಿಸಿದ್ದಾಯಿತು.

ಮೊಮ್ಮಗಳ ಎದುರು ಬಾಯಿ ಮುಚ್ಚಿಕೊಂಡಿರುವುದೆಂದರೇನು! ಕಮಲಾದೇವಿ ಅರವತ್ತು ದಾಟಿದ ಮೇಲೆ ಸ್ಪೋಕನ್ ಇಂಗ್ಲಿಷ್ ತರಗತಿಗೆ ಸೇರಿದರು. ನಾಲಿಗೆ ಬಗ್ಗಲಿಲ್ಲ, ಮಾತು ಬಂತು. ಮಿಲ್ಕು, ಬಾತು, ಸ್ಲೀಪು. ಲಿಂಗಪೂಜೆಗೆ ಕೂತಾಗಲೂ ಪಕ್ಕದಲ್ಲಿ ಕೂತ ಮಗುವಿಗೆ "ಶಿವಾ ಈಸು ಗಾಡು" ಎನ್ನುತ್ತಿದ್ದರು. ಅಪ್ಪ ಅಮ್ಮ ಆಫೀಸಿನಿಂದ ಬರುವಷ್ಟರಲ್ಲಿ ಮಗು ನಿದ್ದೆಹೋಗಿರುತ್ತಿತ್ತು. ಭಾನುವಾರ ಕಿವಿಗೆ ಬಿದ್ದದ್ದನ್ನು ಶ್ರೀದೇವಿ ಮಗುವಿನ ತೊದಲು ಎಂದುಕೊಂಡಿದ್ದಳು. ಗಿಡವೇನೋ ಚೆನ್ನಾಗಿಯೇ ಬಗ್ಗಿತ್ತು, ಪಕ್ಕದಲ್ಲಿದ್ದ ಮರದ ಕಡೆಗೆ.

ಸಂದರ್ಶನ ಮುಗಿಸಿ ಮೂವರೂ ಆಟೋದಲ್ಲಿ ವಾಪಸಾದರು. ಮನೆ ಬಾಗಿಲಲ್ಲಿ ಚಪ್ಪಲಿ ಬಿಡುತ್ತ ಶ್ರೀದೇವಿ ಹೇಳಿದಳು: "ಅತ್ತೆ, ಕೈ ಮುಗೀತೀನಿ. ಇವತ್ತಿಂದ ಅವಳ ಹತ್ರ ಕನ್ನಡದಲ್ಲೇ ಮಾತಾಡಿ."

ಬೈಗುಳವೋ ವರವೋ, ಕಮಲಾದೇವಿಗೆ ಅದನ್ನು ಯೋಚಿಸುವ ತಾಳ್ಮೆ ಇರಲಿಲ್ಲ. ಇಷ್ಟು ದಿನ ಎಷ್ಟು ಕಥೆಗಳನ್ನು ಹೊಟ್ಟೆಯಲ್ಲೇ ಇಟ್ಟುಕೊಂಡಿದ್ದರು! ಸಂತೋಷಕ್ಕೆ ಕಣ್ಣು ತುಂಬಿತು. ಮೊಮ್ಮಗಳನ್ನು ಮಡಿಲಿಗೆ ಎಳೆದುಕೊಂಡು, "ಬಾರೇ ನನ್ ಬಂಗಾರಿ. ಒಂದೂರಲ್ಲಿ ಒಬ್ಬಳು ಅಜ್ಜಿ ಇದ್ಲಂತೆ..." ಎಂದು ಶುರುಮಾಡಿದರು.

ಲಿಖಿತಾ ಕಣ್ಣು ಪಿಳಿಪಿಳಿ ಬಿಟ್ಟಳು. ಒಂದಕ್ಷರವೂ ಅರ್ಥವಾಗಲಿಲ್ಲ. ಪುಟ್ಟ ಕೈಯನ್ನು ಅಜ್ಜಿಯ ಬಾಯಿಗೆ ಅಡ್ಡ ಇಟ್ಟು ಹೇಳಿದಳು:

"ನೋ ಕನ್ನಡಾ, ಅಜ್ಜಿ. ಇಂಗ್ಲಿಷು, ಪ್ಲೀಸು."